ದುಬೈನ ಮನೆ, ಹುಬ್ಬಳ್ಳಿಯ ಕಾಗದ

2024ರ ಮಾರ್ಚ್‌ನಲ್ಲಿ ನಾನೂ ನನ್ನ ಹೆಂಡತಿಯೂ ದುಬೈನ ಜುಮೇರಾ ವಿಲೇಜ್ ಸರ್ಕಲ್‌ನಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟ್ ಕೊಂಡೆವು. ಇಬ್ಬರೂ ಭಾರತದ ಪ್ರಜೆಗಳು, ಇರುವುದು ಹುಬ್ಬಳ್ಳಿಯಲ್ಲಿ, ದುಬೈನ ನಿವಾಸಿ ವೀಸಾ ನಮಗಿಲ್ಲ. ದುರ್ಗದಬೈಲಿನ ಹತ್ತಿರ ನನ್ನ ಹಾರ್ಡ್‌ವೇರ್ ಅಂಗಡಿ. ಮಗಳ ಸಂಸಾರ ಎಂಟು ವರ್ಷದಿಂದ ದುಬೈನಲ್ಲಿದೆ. ಅಂಗಡಿಗೆ ಬಂದವರು ಮೊದಲು ಕೇಳುವುದು ಚದರಡಿಗೆ ಎಷ್ಟು ಬಿತ್ತು ಎಂದು. ರೇಟು ಯಾರು ಬೇಕಾದರೂ ಹೇಳುತ್ತಾರೆ. ಆ ಮನೆ ಕೊಳ್ಳುವ ಕೆಲಸದ ಮುಕ್ಕಾಲು ಪಾಲು ನಡೆದದ್ದು ಹುಬ್ಬಳ್ಳಿಯಲ್ಲಿ, ಬ್ಯಾಂಕಿನ ಕೌಂಟರಿನ ಎದುರು ಮತ್ತು ಚಾರ್ಟರ್ಡ್ ಅಕೌಂಟೆಂಟರ ಕಚೇರಿಯಲ್ಲಿ. ಅದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ.

ದುಬೈ ವಿದೇಶಿಯರಿಗೆ ಬಾಗಿಲು ತೆರೆದದ್ದು 2002ರಲ್ಲಿ. 2006ರ 7ನೇ ಕಾನೂನು ಅದಕ್ಕೆ ಗಟ್ಟಿ ಬುನಾದಿ ಹಾಕಿತು. ಗೊತ್ತುಪಡಿಸಿದ ಪ್ರದೇಶಗಳಲ್ಲಿ ಯಾವ ದೇಶದವರಾದರೂ ಪೂರ್ಣ ಒಡೆತನದ ಆಸ್ತಿ ಕೊಳ್ಳಬಹುದು, ಅದಕ್ಕೆ ವೀಸಾ ಬೇಕಿಲ್ಲ. ಆ ಕಡೆಯಿಂದ ಅಡ್ಡಿಯೇ ಇಲ್ಲ. ಕಟ್ಟಳೆಗಳಿರುವುದು ನಮ್ಮ ಕಡೆ. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ನಿಯಮದಂತೆ ಒಬ್ಬ ವ್ಯಕ್ತಿ ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್ ಮಾತ್ರ ಹೊರಗೆ ಕಳುಹಿಸಬಹುದು. ದುಬೈನ ದಿರ್ಹಂ ಡಾಲರಿಗೆ 3.6725ರಂತೆ ಕಟ್ಟಿಹಾಕಿದ ನಾಣ್ಯ. ಹಾಗಾಗಿ ಲೆಕ್ಕ ಸುಲಭ: ತಲೆಗೆ ಸುಮಾರು 9 ಲಕ್ಷ 18 ಸಾವಿರ ದಿರ್ಹಂ. ಈ ಹಣಕ್ಕೆ ಇಲ್ಲಿಯ ಬ್ಯಾಂಕು ಸಾಲ ಕೊಡುವಂತಿಲ್ಲ. ಸ್ವಂತ ದುಡ್ಡೇ ಆಗಬೇಕು.

ನಮ್ಮಿಬ್ಬರ ಹೆಸರಿನಲ್ಲಿದ್ದ ಒಂದು ನಿವೇಶನವನ್ನು 2023ರ ಡಿಸೆಂಬರ್‌ನಲ್ಲಿ ಮಾರಿದೆವು. ನನಗೆ ಮೊದಲ ಪೆಟ್ಟು ಬಿದ್ದದ್ದು ಇಲ್ಲೇ. ನಿವೇಶನ ಮಾರಿದ ಹಣದಲ್ಲಿ ಮನೆ ಕೊಂಡರೆ ಬಂಡವಾಳ ಲಾಭದ ತೆರಿಗೆಗೆ ವಿನಾಯಿತಿ ಇದೆಯೆಂದು ನಂಬಿಕೊಂಡಿದ್ದೆ. ವಿನಾಯಿತಿ ಇದೆ, ಆದರೆ ಮನೆ ಭಾರತದಲ್ಲಿರಬೇಕು. ಕಾನೂನಿನಲ್ಲಿ ಹಾಗೆ ಸ್ಪಷ್ಟವಾಗಿ ಸೇರಿಸಿದ್ದು 2014ರಲ್ಲಿ. ದುಬೈನ ಮನೆಗೆ ಒಂದು ರೂಪಾಯಿಯೂ ಸಿಗಲಿಲ್ಲ.

ನಮ್ಮ ಖಾತೆಯಿದ್ದ ಶಾಖೆಯಲ್ಲಿ ವಿದೇಶಕ್ಕೆ ಹಣ ಕಳುಹಿಸುವವರು ಬರುವುದು ಹೆಚ್ಚಾಗಿ ಮಕ್ಕಳ ಓದಿಗೆ. ವಿದೇಶಕ್ಕೆ ಹಣ ಕಳುಹಿಸಲು ಕೊಡುವ ಎ2 ಅರ್ಜಿ ತುಂಬುವಾಗ ಅಧಿಕಾರಿ, ಹಣ ಯಾತಕ್ಕೆಂದು ತಿಳಿಸುವ ಸಂಕೇತಗಳ ಪಟ್ಟಿಯ ಮೇಲೆ ಪೆನ್ನು ಆಡಿಸಿ, "ಸರ್, ಬಂಧುಗಳ ಪಾಲನೆಗೆ ಅಂತ ಹಾಕಿಬಿಡಿ, ಮಗಳು ಅಲ್ಲೇ ಇದ್ದಾಳಲ್ಲ, ಬೇಗ ಆಗುತ್ತದೆ" ಎಂದರು. ಅವರದು ಸಹಾಯ ಮಾಡುವ ಮನಸ್ಸು. ನಾನು ಪೆನ್ನು ಕೆಳಗಿಟ್ಟೆ. ವಿದೇಶದ ಸ್ಥಿರಾಸ್ತಿಗೆ ಎಸ್0005 ಎಂಬ ಪ್ರತ್ಯೇಕ ಸಂಕೇತವಿದೆ. ಹತ್ತು ವರ್ಷದ ನಂತರ ಮನೆ ಮಾರಿ ಹಣ ವಾಪಸು ತರುವಾಗ "ಈ ಆಸ್ತಿ ಎಲ್ಲಿಂದ ಬಂತು" ಎಂದು ಕೇಳಿದರೆ ನನ್ನ ಕೈಯಲ್ಲಿರುವ ಉತ್ತರ ಆ ಒಂದು ಹಾಳೆ. ಅದರಲ್ಲಿ ಮಗಳ ಪಾಲನೆ ಎಂದಿದ್ದರೆ ಮನೆಗೆ ತಾಯಿಬೇರೇ ಇರುವುದಿಲ್ಲ. ಮತ್ತೆ ಎರಡು ದಿನ ಹಿಡಿಯಿತು, ಬೆಂಗಳೂರಿನ ಕಚೇರಿಗೆ ಮಿಂಚಂಚೆ ಹೋಗಿ ಬಂತು, ಸರಿಯಾದ ಸಂಕೇತವೇ ಬಿತ್ತು. ಇದೇ ಸಮಯದಲ್ಲಿ ಒಬ್ಬ ದಲ್ಲಾಳಿ, ರೂಪಾಯಿ ಇಲ್ಲಿ ಕೊಡಿ, ದಿರ್ಹಂ ಅಲ್ಲಿ ತಲುಪುತ್ತದೆ ಎಂದೂ ಹೇಳಿದ್ದ. ಅದು ಹವಾಲಾ, ಅವನೊಂದಿಗೆ ಮಾತು ಅಲ್ಲಿಗೇ ನಿಲ್ಲಿಸಿದೆ.

ಎರಡನೆಯ ಪೆಟ್ಟು ಟಿಸಿಎಸ್. 2023ರ ಅಕ್ಟೋಬರ್‌ನಿಂದ, 7 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು ಶೇಕಡಾ 20ರಷ್ಟು ತೆರಿಗೆಯನ್ನು ಕಳುಹಿಸುವಾಗಲೇ ವಸೂಲಿ ಮಾಡುತ್ತದೆ. (2025ರ ಏಪ್ರಿಲ್‌ನಿಂದ ಆ ಮಿತಿ 10 ಲಕ್ಷವಾಗಿದೆ.) ಒಬ್ಬೊಬ್ಬರೂ ಸುಮಾರು 92 ಲಕ್ಷ ಕಳುಹಿಸಿದೆವು, ತಲೆಗೆ 17 ಲಕ್ಷ ಅದರ ಮೇಲೆ ಹೋಯಿತು. ಹಣ ಮುಳುಗಲಿಲ್ಲ, ರಿಟರ್ನ್ಸ್‌ನಲ್ಲಿ ಹೊಂದಾಣಿಕೆಯಾಗುತ್ತದೆ. ಆದರೆ ಅಲ್ಲಿಯವರೆಗೆ 34 ಲಕ್ಷ ಬೇರೆಯಾಗಿ ಕೈಯಲ್ಲಿರಬೇಕು. ಇಲ್ಲಿ ತಿಂಗಳು ಮುಖ್ಯ. ನಾವು ಕಳುಹಿಸಿದ್ದು ಫೆಬ್ರವರಿಯಲ್ಲಿ. ನಿವೇಶನದ ತೆರಿಗೆಯೂ ಅದೇ ಆರ್ಥಿಕ ವರ್ಷದ್ದಾದ್ದರಿಂದ ಅದಕ್ಕೆ ಇದನ್ನೇ ಹೊಂದಿಸಿಕೊಂಡೆವು, ಉಳಿದದ್ದನ್ನು ವಾಪಸು ಕೇಳಿ ಜುಲೈನಲ್ಲೇ ಅರ್ಜಿಯಾಯಿತು. ಏಪ್ರಿಲ್‌ನಲ್ಲಿ ಕಳುಹಿಸಿದ್ದರೆ ಮುಂದಿನ ವರ್ಷದ ರಿಟರ್ನ್ಸ್‌ಗೆ ಕಾಯಬೇಕಿತ್ತು.

ಇಷ್ಟರ ನಡುವೆ ಹೆಂಡತಿಯ ಪಾಸ್‌ಪೋರ್ಟ್. ನಮ್ಮ ಕಡೆಯ ಎಷ್ಟೋ ಹೆಂಗಸರಂತೆ ಅವಳದ್ದೂ ಒಂದೇ ಹೆಸರು, ಮನೆತನದ ಹೆಸರಿನ ಜಾಗ ಖಾಲಿ. 2022ರ ನವೆಂಬರ್‌ನಿಂದ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾದ ವಿಷಯದಲ್ಲಿ ಬಿಗಿ ಮಾಡಿತ್ತು. ಎರಡನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ನಡೆಯುತ್ತದೆ ಎನ್ನುತ್ತಿದ್ದರು, ಆದರೆ ಆಸ್ತಿಪತ್ರದಲ್ಲಿ ಕೂರುವ ಹೆಸರು ಅರೆಬರೆ ಇರಬಾರದೆಂದು ಹೊಸ ಪಾಸ್‌ಪೋರ್ಟನ್ನೇ ಮಾಡಿಸಿದೆವು. ಬಳಿಕ ಪ್ಯಾನ್ ಕಾರ್ಡ್, ಬ್ಯಾಂಕಿನ ಖಾತೆ, ಎಲ್ಲ ಕಡೆ ಅದೇ ಹೆಸರು. ಜೋಡಿ ಹೆಸರಿನಲ್ಲಿ ಕೊಳ್ಳುವವರು ಮನೆ ನೋಡುವುದಕ್ಕೂ ಮೊದಲು ಮಾಡಬೇಕಾದ ಕೆಲಸ ಇದು.

ಅಲ್ಲಿಯ ವ್ಯವಹಾರ ಚೊಕ್ಕಟ. ಕಟ್ಟುತ್ತಿರುವ ಕಟ್ಟಡ ನನಗೆ ಬೇಡವಾಗಿತ್ತು. ಕಂತು ವರ್ಷಗಟ್ಟಲೆ ಹೋಗುತ್ತದೆ, ನಮ್ಮ ನಿಯಮ ನಡುವೆ ಬದಲಾದರೆ ಕೊನೆಯ ಕಂತಿಗೆ ಸಿಕ್ಕಿಬೀಳುತ್ತೇವೆ. ಸಿದ್ಧವಿದ್ದ ಫ್ಲ್ಯಾಟನ್ನೇ 7,60,000 ದಿರ್ಹಂಗೆ ಮಾತಾಡಿದೆವು. ಭೂ ಇಲಾಖೆಗೆ ಶೇಕಡಾ 4, ದಲ್ಲಾಳಿಗೆ ಶೇಕಡಾ 2 ಮತ್ತು ಅದರ ಮೇಲೆ ವ್ಯಾಟ್, ವರ್ಗಾವಣೆ ಮಾಡಿಸುವ ಟ್ರಸ್ಟಿ ಕಚೇರಿಗೆ 4,000 ಮತ್ತು ವ್ಯಾಟ್. ಎಲ್ಲ ಸೇರಿ ಸುಮಾರು 8 ಲಕ್ಷ 11 ಸಾವಿರವಾಯಿತು. ಮೊದಲು ಫಾರ್ಮ್ ಎಫ್ ಎಂಬ ಕರಾರು, ಜೊತೆಗೆ ಶೇಕಡಾ 10ರ ಚೆಕ್. ಆಮೇಲೆ ಕಟ್ಟಡದ ಡೆವಲಪರ್‌ನಿಂದ ನಿರಾಕ್ಷೇಪಣಾ ಪತ್ರ. ಮಾರುವವರು ಬಾಕಿ ಉಳಿಸಿದ್ದ ನಿರ್ವಹಣಾ ಶುಲ್ಕ ತೀರಿದ ಮೇಲೆಯೇ ಆ ಪತ್ರ ಬಂತು. ಮಗಳು ಒಂದು ಒಳ್ಳೆಯ ಪ್ರಶ್ನೆ ಕೇಳಿದಳು: ಎಸಿಯ ತಂಪಿಗೆ ಬೇರೆ ಬಿಲ್ಲು ಬರುತ್ತದೆಯೇ? ಕೆಲವು ಕಟ್ಟಡಗಳಲ್ಲಿ ತಂಪನ್ನು ಹೊರಗಿನ ಕಂಪನಿ ಪೂರೈಸುತ್ತದೆ, ಬೇಸಿಗೆಯ ಬಿಲ್ಲು ಬಾಡಿಗೆದಾರನನ್ನೇ ಓಡಿಸುತ್ತದೆ.

ಹಣ ತಲುಪಿಸುವ ದಾರಿಯೇ ಕಷ್ಟದ್ದು. ಮಾರುವವರು ದುಬೈನ ಬ್ಯಾಂಕೇ ತನ್ನ ಹೊಣೆಯ ಮೇಲೆ ಬರೆದುಕೊಡುವ ಮ್ಯಾನೇಜರ್ ಚೆಕ್ ಮಾತ್ರ ಒಪ್ಪುತ್ತಾರೆ. ಆಸ್ತಿ ಕೈಗೆ ಬರುವ ಮೊದಲು ಹುಬ್ಬಳ್ಳಿಯಿಂದ ಅವರ ಖಾತೆಗೆ ನೇರ ಕಳುಹಿಸಲು ನನಗೂ ಧೈರ್ಯವಿರಲಿಲ್ಲ. ಅದಕ್ಕೇ ನಮ್ಮ ಹೆಸರಿನಲ್ಲಿ ಅಲ್ಲೇ ಅನಿವಾಸಿ ಖಾತೆ ತೆರೆದೆವು. ಹುಬ್ಬಳ್ಳಿಯ ಬ್ಯಾಂಕಿನ ಪರಿಚಯ ಪತ್ರ, ಆರು ತಿಂಗಳ ಸ್ಟೇಟ್‌ಮೆಂಟ್, ನಿವೇಶನದ ಕ್ರಯಪತ್ರದ ಇಂಗ್ಲಿಷ್ ಅನುವಾದ, ಎಲ್ಲ ಕೊಟ್ಟು ಐದು ವಾರ ಕಾದೆವು. ಕಳುಹಿಸಿದ ಹಣ ಬಳಕೆಯಾಗದಿದ್ದರೆ 180 ದಿನದೊಳಗೆ ವಾಪಸು ತರಬೇಕೆಂಬ ನಿಯಮ ನನ್ನ ತಲೆಯಲ್ಲಿ ಗಡಿಯಾರದಂತೆ ಓಡುತ್ತಿತ್ತು.

ವರ್ಗಾವಣೆಗೆ ಮುಕ್ಕಾಲು ಗಂಟೆ ಸಾಕಾಯಿತು. ಮೇಜಿನ ಮೇಲೆ ಚೆಕ್‌ಗಳನ್ನು ಸಾಲಾಗಿ ಇಟ್ಟರು, ಅಧಿಕಾರಿ ಒಂದೊಂದನ್ನೂ ಎತ್ತಿ ಹೆಸರು ಓದಿದರು. ಆಸ್ತಿಪತ್ರದಲ್ಲಿ ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಅರಬ್ಬಿ. ಅರಬ್ಬಿಯಲ್ಲಿ ಪಕಾರವಿಲ್ಲ, ಹೆಂಡತಿಯ ಹೆಸರಿನ ಮೊದಲ ಅಕ್ಷರ ಅಲ್ಲಿ ಬಕಾರವಾಗಿದೆಯೆಂದು ಅವರೇ ತೋರಿಸಿ, ಪಾಸ್‌ಪೋರ್ಟ್ ಸಂಖ್ಯೆ ಸರಿಯಿದ್ದರೆ ಸಾಕು ಎಂದರು. ಅವಳು ಸಂಖ್ಯೆಯನ್ನು ಎರಡು ಸಲ ಓದಿ ನೋಡಿದ ಮೇಲೆಯೇ ಸಹಿ ಹಾಕಿದಳು.

ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಅಲ್ಲಿ ಬಾಡಿಗೆಯ ಆದಾಯಕ್ಕೆ ನಮ್ಮಂಥವರಿಗೆ ತೆರಿಗೆ ಇಲ್ಲ, ಇಲ್ಲಿ ಇದೆ. ಶೇಕಡಾ 30ರ ಕಡಿತದ ನಂತರ ಇಬ್ಬರ ಆದಾಯಕ್ಕೂ ಅರ್ಧರ್ಧ ಸೇರುತ್ತದೆ. ಪ್ರತಿ ವರ್ಷದ ರಿಟರ್ನ್ಸ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿ ತುಂಬಲೇಬೇಕು, ಮನೆಯಷ್ಟೇ ಅಲ್ಲದೆ ಅಲ್ಲಿಯ ಬ್ಯಾಂಕ್ ಖಾತೆಯನ್ನೂ ಬರೆಯಬೇಕು. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ನನ್ನ ಪರಿಚಯದವರೊಬ್ಬರು ಬಾಡಿಗೆಯೇ ಬಂದಿಲ್ಲವಲ್ಲ ಎಂದು ಸುಮ್ಮನಿದ್ದರು, ನೋಟಿಸು ಬಂದ ಮೇಲೆ ಓಡಾಡಿದರು.

ಉಳಿದಿರುವುದು ಉಯಿಲು. ಮುಸ್ಲಿಮೇತರರು ದುಬೈನಲ್ಲಿರುವ ಆಸ್ತಿಗೆ ಡಿಐಎಫ್‌ಸಿ ಎಂಬ ಅಲ್ಲಿಯ ಹಣಕಾಸು ಕೇಂದ್ರದಲ್ಲಿ ಉಯಿಲು ನೋಂದಾಯಿಸಬಹುದು. ನಾವಿಬ್ಬರೂ ಇಲ್ಲದ ಕಾಲಕ್ಕೆ ಮಕ್ಕಳು ಪರದೇಶದ ಕೋರ್ಟಿಗೆ ಅಲೆಯಬಾರದು. ಕರಡು ಬಂದಿದೆ. ಊಟದ ಮೇಜಿನ ಮೇಲೆ ಇಬ್ಬರು ಮಕ್ಕಳ ಪಾಸ್‌ಪೋರ್ಟ್ ತೆರೆದಿಟ್ಟುಕೊಂಡು ಹೆಂಡತಿ ಅವರ ಹೆಸರುಗಳನ್ನು ಅಕ್ಷರಕ್ಕಕ್ಷರ ತಾಳೆ ನೋಡುತ್ತಿದ್ದಾಳೆ.