ಮೂರು ಭಾಷೆಯ ಆನ್‌ಲೈನ್ ಕೋರ್ಸ್: ಮೊದಲು ಪದಪಟ್ಟಿ, ಆಮೇಲೆ ಪಾಠ

ಮುಂಬಯಿಯ ವಲಸೆ ಬದುಕಿನ ಬಗ್ಗೆ ಇಲ್ಲಿನ ಕನ್ನಡ, ಮರಾಠಿ ಅಧ್ಯಾಪಕರೂ ಜರ್ಮನಿಯ ಒಬ್ಬ ಅಧ್ಯಾಪಕರೂ ಸೇರಿ ಕೋರ್ಸ್ ಕಟ್ಟುತ್ತೀರಿ ಎಂದಿಟ್ಟುಕೊಳ್ಳಿ. ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದು ಕೊನೆಗೆ ಅನುವಾದಿಸಲು ಹೋಗಬೇಡಿ. ಘಟಕಗಳನ್ನು ಹಂಚಿಕೊಂಡು ಅವರವರ ಭಾಷೆಯಲ್ಲೇ ಬರೆಯಿರಿ.

ಅದಕ್ಕೂ ಮುಂಚೆ ನಲವತ್ತು ಪದಗಳ ಪಟ್ಟಿ ಬೇಕು. ಪದ, ಮೂರು ಭಾಷೆಯ ರೂಪ, ಒಂದು ಸಾಲಿನ ವಿವರಣೆ, ಒಪ್ಪಿದವರ ಹೆಸರು, ಇಷ್ಟು ಕಾಲಮ್ಮು ಸಾಕು. ಈ ಕೆಲಸಕ್ಕೆ ಎರಡು ವಾರ ಹೋದರೂ ಚಿಂತೆಯಿಲ್ಲ. ‘ಹೋಟೆಲ್ ಹುಡುಗ’ ಅಂದರೆ ನಮಗೆ ಉಡುಪಿ ಹೋಟೆಲಿನಲ್ಲಿ ತಿಂಡಿ ಬಡಿಸುವವನು. ಜರ್ಮನ್ ಓದುಗರಿಗೆ ‘ಹೋಟೆಲ್’ ಅಂದರೆ ವಸತಿಗೃಹ. ಕನ್ನಡದ ‘ಉಪನ್ಯಾಸ’ ಹಿಂದಿಯಲ್ಲಿ ಕಾದಂಬರಿ. ಯಂತ್ರಾನುವಾದ ಎಡವುವುದು ಇಂಥಲ್ಲೇ. ‘ರಾತ್ರಿಶಾಲೆ’ಯನ್ನು ಹಾಗೇ ಉಳಿಸಿ, ಹಗಲು ದುಡಿದು ರಾತ್ರಿ ಓದಿದವರ ಶಾಲೆ ಎಂದು ವಿವರಿಸಿ.

ಕ್ರೆಡಿಟ್ ಲೆಕ್ಕವನ್ನು ಗಂಟೆಗಿಳಿಸಿ. ಯುರೋಪಿನ 1 ಕ್ರೆಡಿಟ್ ಎಂದರೆ ವಿದ್ಯಾರ್ಥಿಯ ಒಟ್ಟು 25ರಿಂದ 30 ಗಂಟೆಯ ದುಡಿಮೆ; ನಮ್ಮಲ್ಲಿ ಸಾಮಾನ್ಯವಾಗಿ 15 ಗಂಟೆಯ ಪಾಠ. ತರಗತಿಯ ವೇಳೆಯನ್ನೂ ನೋಡಿಕೊಳ್ಳಿ: ಅಕ್ಟೋಬರಿನ ಕೊನೆಯ ಭಾನುವಾರ ಜರ್ಮನಿಯಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಇಲ್ಲಿನ ಸಂಜೆ 6ರ ತರಗತಿ ಅಲ್ಲಿ ಮಧ್ಯಾಹ್ನ 2.30ರ ಬದಲು 1.30ಕ್ಕೆ ಬೀಳುತ್ತದೆ. ಅಲ್ಲಿಯವರ ಊಟದ ಹೊತ್ತನ್ನು ಮೊದಲೇ ಕೇಳಿ.

ಹಳೆಯ ‘ನುಡಿ’, ‘ಬರಹ’ ಫಾಂಟುಗಳ ಕಡತಗಳನ್ನು ನೇರ ಅಂಟಿಸಿದರೆ ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ. ಯೂನಿಕೋಡಿಗೆ ಬದಲಿಸಿ; ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿ. ವಿಡಿಯೊದ ಉಪಶೀರ್ಷಿಕೆಯನ್ನು ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲಿ ಉಳಿಸಿ, ಫೋನಿನಲ್ಲೊಮ್ಮೆ ನೋಡಿ. ಆನ್‌ಲೈನ್ ಪಾಠ ನಡೆಸುವ ‘ಮೂಡಲ್’ (Moodle) ತಂತ್ರಾಂಶ ಬಳಸುವುದಾದರೆ ಬಹುಭಾಷಾ ಫಿಲ್ಟರನ್ನು ಆನ್ ಮಾಡಿಸಿ. ಇಲ್ಲದಿದ್ದರೆ ಮೂರೂ ಭಾಷೆಯ ಪಠ್ಯ ಒಟ್ಟೊಟ್ಟಿಗೆ ಕಾಣುತ್ತದೆ.

ಮುಂಬಯಿಯಲ್ಲಿ ಒಂದು ಮಾತನ್ನು ಮರೆಯಲೇಬಾರದು: ಮನೆಯಲ್ಲಿ ಕನ್ನಡವಾಡುವ ಎಷ್ಟೋ ಮಕ್ಕಳಿಗೆ ಲಿಪಿ ಓದಲು ಬರುವುದಿಲ್ಲ. ಅವರು ಹೊರಗುಳಿದರೆ ಕನ್ನಡ ಘಟಕ ಯಾರಿಗಾಗಿ? ಪ್ರತಿ ಪಾಠಕ್ಕೂ ಏಳೆಂಟು ನಿಮಿಷದ ಧ್ವನಿಮುದ್ರಣ ಕೊಡಿ, ಮೌಖಿಕ ಉತ್ತರಕ್ಕೂ ಅವಕಾಶವಿಡಿ.

ಮೌಲ್ಯಮಾಪನಕ್ಕೆ ಒಂದೇ ಅಂಕಸೂಚಿ, ಅಂದರೆ ಎಂಥ ಉತ್ತರಕ್ಕೆ ಎಷ್ಟು ಅಂಕ ಎಂದು ಹೇಳುವ ಪಟ್ಟಿ, ಇರಲಿ. ಭಾಷೆಗೊಂದರಂತೆ ಮೂರು ಮಾದರಿ ಉತ್ತರಗಳನ್ನು, ಬೇಕಾದಲ್ಲಿ ಅನುವಾದದ ನೆರವಿನಿಂದ, ಎಲ್ಲರೂ ಬೇರೆಬೇರೆಯಾಗಿ ನೋಡಿ ಅಂಕ ಕೊಡಿ. ಹತ್ತಕ್ಕೆ ಎರಡು ಅಂಕಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಮೊದಲೇ ಅಂಕಸೂಚಿಯ ಮಾತುಗಳನ್ನು ಬದಲಿಸಿ.