ಪುಣ್ಯಕೋಟಿಯ ಕರು ಮುಂದೇನಾಯಿತು? ಉತ್ತರಕಥೆ ಬರೆಯುವವರಿಗೆ

ಗೋವಿನ ಹಾಡು ಮುಗಿಯುತ್ತಿದ್ದಂತೆ ಮಕ್ಕಳು ಕೇಳುವುದು ಒಂದೇ ಮಾತು: ‘ಆಮ್ಯಾಲೆ?’ ಅದಕ್ಕೆ ಕಥೆಯಲ್ಲೇ ಉತ್ತರ ಕೊಡಬೇಕೆಂದರೆ ಮೊದಲು ಹಾಡನ್ನು ಪುಸ್ತಕ ಹಿಡಿದು ಪೂರ್ತಿ ಓದಿ. ನೆನಪನ್ನು ನಂಬಬೇಡಿ.

ಹಾಡು ಹೇಳಿರುವ ಸಂಗತಿಗಳನ್ನಷ್ಟೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಗೊಲ್ಲ ಕಾಳಿಂಗ, ಹುಲಿ ಅರ್ಬುತ. ಹಸು ಮಾತು ಕೊಟ್ಟು ದೊಡ್ಡಿಗೆ ಬಂದಳು, ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸಿ ಹೊಳ್ಳಿ ಹೋದಳು, ಹುಲಿ ತಾನೇ ಪ್ರಾಣ ಬಿಟ್ಟಿತು. ಬಹಳ ಜನ ಎಡವುವುದು ಕರುವಿನ ವಿಷಯದಲ್ಲಿ. ‘ತಬ್ಬಲಿಯು ನೀನಾದೆ ಮಗನೆ’ ಎನ್ನುತ್ತಾಳೆ ತಾಯಿ. ಅದು ಗಂಡುಗರು! ಅದನ್ನು ಹಾಲು ಕೊಡುವ ಆಕಳಾಗಿ ಬೆಳೆಸಿದರೆ ಹಾಡು ಬಲ್ಲ ಮಗು ಅಲ್ಲೇ ತಪ್ಪು ಹಿಡಿಯುತ್ತದೆ.

ಆಮೇಲೆ ಹಾಡು ಸುಮ್ಮನಿರುವ ಜಾಗ ಹುಡುಕಿ. ತಾಯಿ ಹೋದ ಮೇಲೆ ದೊಡ್ಡಿಯಲ್ಲಿ ಕರು ಕಳೆದ ಹೊತ್ತು, ಗವಿಯ ಬಾಯಲ್ಲಿ ಹಸಿದು ಕಾಯುತ್ತಿದ್ದ ಹುಲಿ, ಬೆಳೆದ ಕರು: ಇವುಗಳಲ್ಲಿ ಒಂದನ್ನೇ ಹಿಡಿಯಿರಿ. ಹುಲಿಯನ್ನು ಮಾತ್ರ ಬದುಕಿಸಬೇಡಿ. ಅದು ಎದ್ದು ಬಂದರೆ ಪಶ್ಚಾತ್ತಾಪಕ್ಕೆ ಬೆಲೆ ಉಳಿಯದು, ಮೂಲಕಥೆಯೇ ಸುಳ್ಳಾಗುತ್ತದೆ.

ಹಾವೇರಿ ಕಡೆಯವರಿಗೆ ಮೂರನೆಯದು ಬಂಗಾರದಂಥ ವಸ್ತು. ಗಂಡುಗರು ಬೆಳೆದರೆ ಹೋರಿ. ದೀಪಾವಳಿಗೆ ಅಲ್ಲಿ ಕೊಬ್ಬರಿ ಕಟ್ಟಿ ಹೋರಿ ಓಡಿಸುತ್ತಾರೆ, ಹುಡುಗರು ಕೊಬ್ಬರಿ ಹರಿಯಲು ಮುನ್ನುಗ್ಗುತ್ತಾರೆ. ತಾಯಿ ಕೊಟ್ಟ ಮಾತಿಗೆ ನಿಂತವಳು. ಗುಂಪಿನ ನಡುವೆ ಬಿದ್ದ ಹುಡುಗನನ್ನು ಕಂಡಾಗ ಮಗ ನಿಲ್ಲುತ್ತಾನೋ, ತುಳಿದು ಓಡುತ್ತಾನೋ? ಕಥೆ ಅಲ್ಲಿದೆ. ಹಾಲು ಕುಡಿಯುವ ಕರು ಮುಂದಿನ ದೀಪಾವಳಿಗೇ ಹೋರಿಯಾಗದು, ನಡುವೆ ಎರಡು-ಮೂರು ವರ್ಷ ದಾಟಿಸಿ.

ಗದಗಿನ ಕಪ್ಪತಗುಡ್ಡಕ್ಕೆ ಕಥೆ ಒಯ್ಯುವುದಾದರೆ ವೈರಿಯಾಗಿ ತೋಳ ಬರಲಿ. 2019ರಲ್ಲಿ ವನ್ಯಜೀವಿಧಾಮವಾದ ಆ ಗುಡ್ಡ ತೋಳ, ಕತ್ತೆಕಿರುಬಗಳ ನೆಲೆ.

ನಿರೂಪಣೆ ಪುಸ್ತಕದ ಕನ್ನಡದಲ್ಲಿರಲಿ, ಮಾತು ಊರಿನದಾಗಲಿ:

‘ದೊಡ್ಡವ್ವಾ, ನಮ್ಮವ್ವ ಹೊಳ್ಳಿ ಬರ್ತಾಳೇನ?’
ದೊಡ್ಡವ್ವ ಮೇವು ಬಿಟ್ಟು ಕರುವಿನ ಕಿವಿ ನೆಕ್ಕಿದಳು.

ಇಲ್ಲಿ ‘ಕರುವಿಗೆ ಬಹಳ ದುಃಖವಾಯಿತು’ ಎಂದು ಸೇರಿಸಿದರೆ ಕಿವಿ ನೆಕ್ಕಿದ್ದು ವ್ಯರ್ಥ. ಎಂಟು-ಹತ್ತು ವರ್ಷದವರಿಗೆ 600ರಿಂದ 800 ಪದ, ಹೊಸ ಪಾತ್ರ ಎರಡು, ಸಾಕು.

ಪದ್ಯದಲ್ಲಿ ಬರೆಯುವವರು ಮಾತ್ರೆ, ಅಂದರೆ ಅಕ್ಷರ ನುಡಿಯಲು ಹಿಡಿಯುವ ಹೊತ್ತಿನ ಅಳತೆ, ಎಣಿಸಲೇಬೇಕು. ‘ಧರಣಿ’ ಮೂರು, ‘ಮಂಡಲ’ ನಾಲ್ಕು. ಮೂರು-ನಾಲ್ಕರ ಈ ನಡೆಯೇ ಹಾಡಿನ ಉಸಿರು. ಜನಪದ ಹಾಡಾದ್ದರಿಂದ ಅಲ್ಲಲ್ಲಿ ಅಕ್ಷರ ಎಳೆದು ಸರಿದೂಗಿಸುವುದುಂಟು, ಆದರೆ ಸಾಲುಸಾಲಿಗೂ ಎಳೆಯಬೇಕಾಗಿ ಬಂದರೆ ಪದ ಬದಲಿಸಿ.

ಹಕ್ಕಿನ ಮಾತು. ಗೋವಿನ ಹಾಡು ಜನಪದದ್ದು, ಯಾರ ಅಪ್ಪಣೆಯೂ ಬೇಡ. ಈಚಿನ ಪುಸ್ತಕದ ಚಿತ್ರ, ಧ್ವನಿಮುದ್ರಣ ಮಾತ್ರ ಎತ್ತಿಕೊಳ್ಳುವಂತಿಲ್ಲ. ಲೇಖಕರಿರುವ ಕೃತಿಗೆ ಅವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಹಾಗಾಗಿ ಬೊಮ್ಮನಹಳ್ಳಿಯ ಕಿಂದರಿಜೋಗಿಯ ಮುಂದುವರಿಕೆ ಅಚ್ಚು ಹಾಕಿಸುವವರು 2054ರ ಕೊನೆಯವರೆಗೆ ಹಕ್ಕುದಾರರನ್ನು ಕೇಳಬೇಕು.

ಬರೆದದ್ದನ್ನು ಹಾಡು ಬಲ್ಲ ಮಕ್ಕಳಿಗೆ ಗಟ್ಟಿಯಾಗಿ ಓದಿ. ‘ಹಂಗಿಲ್ಲ ಅದು’ ಎಂದು ಅವರು ತಡೆದ ಕಡೆ ಪೆನ್ಸಿಲಿನಿಂದ ಗೆರೆ ಎಳೆದು, ಮೊದಲ ಹಾಳೆಯ ಪಟ್ಟಿಗೆ ಹಿಡಿದು ನೋಡಿ.