ತೋಳಿನ ಪಟ್ಟಿಯನ್ನು ಅಪ್ಪನ ಕೈಗೆ ಕೊಟ್ಟ ಮೇಲೆ

ಐದು ವರ್ಷದೊಳಗಿನ ಮಕ್ಕಳ ಬೆಳವಣಿಗೆಯನ್ನು ಅಳೆದು ದಾಖಲಿಸುವುದು ನನ್ನ ಕೆಲಸ. ಆರಂಭದ ಕೆಲವು ವರ್ಷ ನಾನು ತಾಯಂದಿರೊಂದಿಗೆ ಮಾತ್ರ ಮಾತನಾಡುತ್ತಿದ್ದೆ. ಒಮ್ಮೆ ಒಬ್ಬ ತಾಯಿ ನನ್ನ ಸಲಹೆಗಳನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, "ಇದನ್ನು ನಮ್ಮ ಮನೆಯವರಿಗೂ ಹೇಳಿ, ಸಾಮಾನು ತರುವವರು ಅವರೇ" ಎಂದರು. ಮನೆಗೆ ಏನು ಬರಬೇಕು, ಮಗು ಸೊರಗಿದರೆ ಯಾವಾಗ ಆಸ್ಪತ್ರೆಗೆ ಹೋಗಬೇಕು, ಹಾಲೂಡಿಸುವ ತಾಯಿಗೆ ಬಿಡುವು ಹೇಗೆ ಸಿಗಬೇಕು ಎಂಬುದು ಯಾವುದೂ ಆಕೆಯೊಬ್ಬರ ಕೈಯಲ್ಲಿರಲಿಲ್ಲ.

ಅಪ್ಪಂದಿರ ಸಭೆ ಕರೆದೆ. ಬಂದವರು ಕೈಕಟ್ಟಿ ಕುಳಿತು, ತಲೆಯಾಡಿಸಿ, ಎದ್ದು ಹೋದರು. ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮುಂದಿನ ಸಲ ಭಾಷಣ ಬಿಟ್ಟು, ತೋಳಿನ ಸುತ್ತಳತೆ ನೋಡುವ ಬಣ್ಣದ ಪಟ್ಟಿಯನ್ನು ಅವರ ಕೈಗೇ ಕೊಟ್ಟೆ. 6ರಿಂದ 59 ತಿಂಗಳ ಮಗುವಿನ ಎಡತೋಳಿನಲ್ಲಿ, ಭುಜಕ್ಕೂ ಮೊಣಕೈಗೂ ನಡುಮಧ್ಯದಲ್ಲಿ ಅಳೆಯಬೇಕು; 125 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ಹಳದಿ, 115ಕ್ಕಿಂತ ಕಡಿಮೆಯಿದ್ದರೆ ಕೆಂಪು, ಅಂದರೆ ತಡಮಾಡದೆ ಚಿಕಿತ್ಸೆ ಕೊಡಿಸಬೇಕಾದ ತೀವ್ರ ಅಪೌಷ್ಟಿಕತೆ. ಹನ್ನೊಂದು ತಿಂಗಳ ಮಗುವಿನ ಅಪ್ಪನೊಬ್ಬರು ಪಟ್ಟಿಯನ್ನು ಸಡಿಲವಾಗಿ ಸುತ್ತಿ "ಹಸಿರು" ಎಂದರು. ಪಟ್ಟಿ ಚರ್ಮಕ್ಕೆ ತಾಗಬೇಕು, ಆದರೆ ಒತ್ತಬಾರದು ಎಂದು ತೋರಿಸಿ ಮತ್ತೆ ಅಳೆಸಿದೆ. 121 ಬಂತು. ಅವರು ಸ್ವಲ್ಪ ಹೊತ್ತು ಆ ಹಳದಿ ಬಣ್ಣವನ್ನೇ ನೋಡುತ್ತಿದ್ದು, "ದಿನಕ್ಕೆ ಎಷ್ಟು ಸಲ ತಿನ್ನಿಸಬೇಕು?" ಎಂದು ಕೇಳಿದರು.

ಮಗುವನ್ನು ವೈದ್ಯರಿಗೆ ತೋರಿಸಲು ಬರೆದುಕೊಟ್ಟು, ಉಳಿದುದನ್ನು ವಿವರಿಸಿದೆ. ಈ ವಯಸ್ಸಿನಲ್ಲಿ ಎದೆಹಾಲಿನ ಜೊತೆಗೆ ದಿನಕ್ಕೆ ಮೂರು ನಾಲ್ಕು ಊಟ, ನಡುವೆ ಬೇಕೆನಿಸಿದಾಗ ಒಂದೆರಡು ಸಲ ಲಘು ಆಹಾರ ಕೊಡಬೇಕು. ಮಗುವಿನ ಹೊಟ್ಟೆ ಚಿಕ್ಕದಾದ್ದರಿಂದ ನೀರಾದ ಆಹಾರದಿಂದ ಹೊಟ್ಟೆ ತುಂಬುತ್ತದೆಯೇ ಹೊರತು ಮೈ ತುಂಬುವುದಿಲ್ಲ. ಚಮಚ ಓರೆ ಮಾಡಿದರೂ ಸುರಿದುಹೋಗದಷ್ಟು ಗಟ್ಟಿ ಇರಬೇಕು. ಎಷ್ಟು ತಿಂದಿತೆಂದು ತಿಳಿಯಲು ಮಗುವಿಗೆ ಬೇರೆ ಬಟ್ಟಲು ಇಡುವಂತೆಯೂ, ಒಂದು ಹೊತ್ತಿನ ಊಟವನ್ನು ಅವರೇ ತಿನ್ನಿಸುವಂತೆಯೂ ಒಪ್ಪಿಸಿದೆ. (ಆರು ತಿಂಗಳೊಳಗಿನ ಮಕ್ಕಳ ಅಪ್ಪಂದಿರಿಗೆ ಇದನ್ನು ಹೇಳುವಂತಿಲ್ಲ. ಆಗ ಎದೆಹಾಲು ಮಾತ್ರ. ಸೀಸೆ ಹಿಡಿಯುವುದನ್ನು ನಾನು ನೆರವೆಂದು ಎಣಿಸುವುದಿಲ್ಲ.)

ರಾತ್ರಿಯೂಟ ಎಂದು ಗೊತ್ತು ಮಾಡಿದ್ದು ನನ್ನ ತಪ್ಪು. ಅವರು ಮನೆ ಸೇರುವ ಹೊತ್ತಿಗೆ ಮಗು ತೂಕಡಿಸುತ್ತಿತ್ತು. ತುರುಕಲು ಹೋದರೆ ಬಾಯಿ ಬಿಗಿಹಿಡಿಯುತ್ತಿತ್ತು. ಬೆಳಗಿನ ಊಟಕ್ಕೆ ಬದಲಾಯಿಸಿದ ಮೇಲೆ, ಮಗುವಿನ ಮುಖ ನೋಡುತ್ತಾ ಅದು ಬಾಯಿ ತೆರೆಯುವವರೆಗೆ ಕಾಯುವುದನ್ನು ಅವರು ಕಲಿತರು. ನಡುವೆ ಭೇದಿಯಾದಾಗ ಊಟ ನಿಲ್ಲಿಸದೆ ಓಆರ್‌ಎಸ್ ಕುಡಿಸಿದರು, ವೈದ್ಯರು ಕೊಟ್ಟ ಸತುವಿನ ಮಾತ್ರೆಯನ್ನು ಭೇದಿ ನಿಂತ ಮೇಲೂ ಮುಗಿಸಿದರು, ಗುಣವಾದ ಬಳಿಕ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಟ್ಟರು.

ಎಂಟು ವಾರದ ಬಳಿಕ ನಾನು ಬೆಳಿಗ್ಗೆ ಅವರ ಮನೆಗೆ ಹೋದಾಗ, ಕೇಳುವ ಮೊದಲೇ ಪಟ್ಟಿ ಸುತ್ತಿ "126" ಎಂದರು. ಈ ಸಲ ಸಡಿಲ ಬಿಟ್ಟಿರಲಿಲ್ಲ. ಒಳಗೆ ಮಗುವಿನ ತಾಯಿ ತಟ್ಟೆಯ ಮುಂದೆ ಕುಳಿತು, ಬಿಸಿಯಾಗಿರುವಾಗಲೇ ಊಟ ಮಾಡುತ್ತಿದ್ದರು.